ಕಬ್ಬಿನ ಗದ್ದೆಯಿಂದ ಎದ್ದು ಬಂದವರು



ಜೋಂಬಿ ಅಂದ ಕೂಡಲೇ ಇವತ್ತಿನ ಹುಡುಗರ ಕಣ್ಣ ಮುಂದೆ ಬರುವುದು ಒಂದೇ ದೃಶ್ಯ. ಬಟ್ಟೆ ಹರಿದ, ಬಾಯಿಗೆಲ್ಲ ರಕ್ತ ಮೆತ್ತಿಕೊಂಡ ಹೆಣಗಳ ಹಿಂಡು ಬೀದಿಯಲ್ಲಿ ಓಡಿ ಬರುತ್ತದೆ. ಸಿಕ್ಕವರನ್ನು ಕಚ್ಚುತ್ತದೆ. ಕಚ್ಚಿಸಿಕೊಂಡವರೂ ಎದ್ದು ಅದೇ ಹಿಂಡಿಗೆ ಸೇರುತ್ತಾರೆ. ಕೊರಿಯಾದ 'ಟ್ರೇನ್ ಟು ಬುಸಾನ್' ನೋಡಿದವರಿಗೆ, ಮೊಬೈಲಿನಲ್ಲಿ ಜೋಂಬಿ ಆಟ ಆಡಿದವರಿಗೆ ಇದನ್ನು ಬಿಡಿಸಿ ಹೇಳಬೇಕಾಗಿಲ್ಲ. ನಾನಿವತ್ತು ಮಾತನಾಡುವುದು ಅಂಥ ಜನಪ್ರಿಯ ಚಿತ್ರಗಳ ಹಿಂದೆ ಮರೆಯಾಗಿ ನಿಂತಿರುವ ಕೆಲವು ಸಿನಿಮಾಗಳ ಬಗ್ಗೆ. ಥಿಯೇಟರಿನಿಂದ ಇಳಿದ ಮೇಲೆ ಹೆಚ್ಚಿನವರು ಅವನ್ನು ಮರೆತರು. ಅಲ್ಲಲ್ಲಿನ ಅಭಿಮಾನಿಗಳು ಮಾತ್ರ ಹಳೆಯ ಪ್ರಿಂಟು, ಸವೆದ ವಿಡಿಯೊ ಕ್ಯಾಸೆಟ್ಟುಗಳಲ್ಲಿ ಅವನ್ನು ಕಾಪಾಡಿಕೊಂಡು ಬಂದರು. ಆ ಚಿತ್ರಗಳನ್ನು ಯಾಕೆ ನೋಡಬೇಕು ಎಂದು ಕೇಳಿದರೆ ನನ್ನ ಉತ್ತರ ಇಷ್ಟೇ: ಜೋಂಬಿ ಮೂಲತಃ ಒಬ್ಬ ಜೀತದಾಳು. ಇದನ್ನು ದೊಡ್ಡ ಬಜೆಟ್ಟಿನ ಚಿತ್ರಗಳು ಮರೆತಿವೆ. ಈ ಸಣ್ಣ ಚಿತ್ರಗಳಲ್ಲಿ ಕೆಲವಕ್ಕೆ ಇನ್ನೂ ನೆನಪಿದೆ.

ಕೆರಿಬಿಯನ್ ಸಮುದ್ರದ ಹೈಟಿ ಒಂದು ಕಾಲಕ್ಕೆ ಫ್ರೆಂಚರ ವಸಾಹತು. ಯುರೋಪಿನವರ ಬಟ್ಟಲಿಗೆ ಬೀಳುತ್ತಿದ್ದ ಸಕ್ಕರೆಯಲ್ಲಿ ದೊಡ್ಡ ಪಾಲು ಅಲ್ಲಿಯದು. ಆ ಸಕ್ಕರೆಯನ್ನು ತೆಗೆಯುತ್ತಿದ್ದವರು ಆಫ್ರಿಕಾದಿಂದ ಹಡಗುಗಳಲ್ಲಿ ತುಂಬಿ ತಂದ ಗುಲಾಮರು. ಹಗಲೆಲ್ಲ ಕಬ್ಬು ಕಡಿಯಬೇಕು, ಗಾಣಕ್ಕೆ ಹೊರಬೇಕು, ಸುಗ್ಗಿಯಲ್ಲಿ ರಾತ್ರಿಯಿಡೀ ಕೊಪ್ಪರಿಗೆಯ ಮುಂದೆ ನಿಲ್ಲಬೇಕು. ಹೊಸದಾಗಿ ಬಂದವರಲ್ಲಿ ಬಹಳ ಮಂದಿ ಕೆಲವೇ ವರ್ಷಗಳಲ್ಲಿ ತೀರಿಕೊಳ್ಳುತ್ತಿದ್ದರು. ಸತ್ತ ಮೇಲಾದರೂ ಆತ್ಮ ಕಡಲು ದಾಟಿ ಗಿನಿಗೆ, ಅಂದರೆ ಪೂರ್ವಿಕರ ನೆಲಕ್ಕೆ ಮರಳುತ್ತದೆ ಎನ್ನುವ ನಂಬಿಕೆಯೊಂದು ಅವರಿಗೆ ಆಸರೆಯಾಗಿತ್ತು. ಈಗ ಯೋಚನೆ ಮಾಡಿ: ಸತ್ತ ಮೇಲೂ ಯಾರೋ ಮಾಟಗಾರ ನಿಮ್ಮ ಹೆಣವನ್ನು ಗೋರಿಯಿಂದ ಎಬ್ಬಿಸಿ ಮತ್ತೆ ಅದೇ ಗದ್ದೆಗೆ ಅಟ್ಟಿದರೆ? ಸಾವೂ ಬಿಡುಗಡೆ ಕೊಡದಿದ್ದರೆ? ಜೋಂಬಿಯ ಕಲ್ಪನೆ ಬೆಳೆದದ್ದು ಈ ಭಯದಲ್ಲಿ. 1791ರಲ್ಲಿ ಗುಲಾಮರು ದಂಗೆ ಎದ್ದರು. 1804ರಲ್ಲಿ ತಮ್ಮದೇ ಸ್ವತಂತ್ರ ದೇಶ ಕಟ್ಟಿದರು. ಭಯ ಮಾತ್ರ ಹೋಗಲಿಲ್ಲ. ಹೈಟಿಯ ಹಳ್ಳಿಯವರಿಗೆ ಜೋಂಬಿ ಎದುರಾದೀತು ಎನ್ನುವುದಕ್ಕಿಂತ ತಾವೇ ಜೋಂಬಿಯಾಗಿಬಿಟ್ಟೇವು ಎನ್ನುವ ಹೆದರಿಕೆ ದೊಡ್ಡದು.

1915ರಲ್ಲಿ ಅಮೆರಿಕದ ಸೈನ್ಯ ಹೈಟಿಗೆ ಇಳಿಯಿತು. 1934ರವರೆಗೂ ಅಲ್ಲೇ ಕೂತಿತು. ರಸ್ತೆ ಹಾಕಿಸಲು ಹಳೆಯದೊಂದು ಕಾನೂನನ್ನು ಹುಡುಕಿ ತೆಗೆದು ರೈತರನ್ನು ಬಿಟ್ಟಿ ಕೆಲಸಕ್ಕೆ ಹಿಡಿದೊಯ್ದರು. ಗುಲಾಮಗಿರಿಯನ್ನು ಕಿತ್ತೆಸೆದ ಜನರ ಮೊಮ್ಮಕ್ಕಳು ಮತ್ತೆ ಬಂದೂಕಿನ ಕಾವಲಲ್ಲಿ ಮಣ್ಣು ಹೊತ್ತರು. ಅದೇ ದಿನಗಳಲ್ಲಿ ಅಲ್ಲಿಗೆ ಹೋದ ವಿಲಿಯಂ ಸೀಬ್ರೂಕ್ ಎಂಬ ಅಮೆರಿಕನ್ ಲೇಖಕ 1929ರಲ್ಲಿ 'ದಿ ಮ್ಯಾಜಿಕ್ ಐಲ್ಯಾಂಡ್' ಎಂಬ ಪುಸ್ತಕ ಬರೆದ. ಜೋಂಬಿಯನ್ನು ಅಮೆರಿಕದ ಮನೆಮನೆಗೆ ತಲುಪಿಸಿದ ಪುಸ್ತಕ ಅದು. ಹೈಟಿಯ ಜನರ ಬಗ್ಗೆ ಅದರಲ್ಲಿ ಉತ್ಪ್ರೇಕ್ಷೆ ಬಹಳ, ಬಿಳಿಯರ ದೊಡ್ಡಸ್ತಿಕೆಯೂ ಇದೆ. ಆದರೂ ಅದರಲ್ಲಿನ ಒಂದು ಕಥೆಯನ್ನು ನಿಮಗೆ ಹೇಳಲೇಬೇಕು.

1918. ಕಬ್ಬಿನ ಭಾರೀ ಸುಗ್ಗಿ. ಹ್ಯಾಸ್ಕೊ ಎಂಬ ಅಮೆರಿಕನ್ ಸಕ್ಕರೆ ಕಂಪನಿಗೆ ಆಳುಗಳು ಸಾಲದಾಗಿದೆ. ಟಿ ಜೋಸೆಫ್ ಎಂಬ ಮುದುಕ ಚಿಂದಿ ಉಟ್ಟ ಒಂದಷ್ಟು ಜನರನ್ನು ಕರೆದುಕೊಂಡು ಬರುತ್ತಾನೆ. ಅವರ ಕಣ್ಣಲ್ಲಿ ಕಳೆಯಿಲ್ಲ, ಹೆಸರು ಕೇಳಿದರೆ ಉತ್ತರವಿಲ್ಲ. ಬೆಟ್ಟದ ಮೇಲಿನ ಜನ, ಗದ್ದಲಕ್ಕೆ ಬೆದರಿದ್ದಾರೆ ಎಂದು ಮುದುಕ ಸಬೂಬು ಹೇಳುತ್ತಾನೆ. ಅವರು ಮೂಕವಾಗಿ ದುಡಿಯುತ್ತಾರೆ, ಕೂಲಿ ಅವನ ಜೇಬಿಗೆ. ಜೋಂಬಿಗೆ ಉಪ್ಪು ತಿನ್ನಿಸಬಾರದು, ಆದ್ದರಿಂದ ಅವರಿಗೆ ಸಪ್ಪೆ ಗಂಜಿ. ಹಬ್ಬದ ದಿನ ಮುದುಕನ ಹೆಂಡತಿಗೆ ಅವರ ಮೇಲೆ ಕನಿಕರ ಹುಟ್ಟುತ್ತದೆ. ಜಾತ್ರೆಗೆ ಕರೆದೊಯ್ದು, ಬೆಲ್ಲದ ಸಿಹಿತಿಂಡಿ ಕೊಡಿಸುತ್ತಾಳೆ. ಅದರೊಳಗಿನ ಬೀಜಕ್ಕೆ ಉಪ್ಪು ಹಚ್ಚಿದ್ದಾರೆ, ಅವಳಿಗೆ ಗೊತ್ತಿಲ್ಲ. ಉಪ್ಪು ನಾಲಿಗೆಗೆ ತಾಗುತ್ತಲೇ ಅವರಿಗೆ ತಾವು ಸತ್ತಿದ್ದೇವೆ ಎನ್ನುವುದು ನೆನಪಾಗುತ್ತದೆ. ದೊಡ್ಡದಾಗಿ ಕೂಗಿ, ಯಾರ ಮಾತನ್ನೂ ಕೇಳದೆ, ತಮ್ಮ ಊರಿನ ಬೆಟ್ಟದ ಕಡೆಗೆ ಸಾಲಾಗಿ ನಡೆದು ಹೋಗುತ್ತಾರೆ. ಊರಿನಲ್ಲಿ ಅವರ ತಾಯಂದಿರು, ಹೆಂಡಿರು, ಮಕ್ಕಳು ಗುರುತು ಹಿಡಿದು ಓಡಿ ಬರುತ್ತಾರೆ. ಇವರು ಯಾರನ್ನೂ ನೋಡುವುದಿಲ್ಲ. ನೇರವಾಗಿ ಸ್ಮಶಾನಕ್ಕೆ ಹೋಗಿ, ತಮ್ಮ ತಮ್ಮ ಗೋರಿಯ ಮಣ್ಣನ್ನು ಕೈಯಿಂದ ಕೆರೆದು, ಅಲ್ಲೇ ಬಿದ್ದು ಕೊಳೆತ ಹೆಣವಾಗುತ್ತಾರೆ.

ನಮ್ಮಲ್ಲಿ ಉಪ್ಪುಂಡ ಮನೆಗೆ ಎರಡು ಬಗೆಯಬಾರದು ಎನ್ನುತ್ತಾರೆ, ಉಪ್ಪಿನ ಋಣ ಎನ್ನುತ್ತಾರೆ. ಇಲ್ಲಿ ಆಳನ್ನು ಒಡೆಯನಿಗೆ ಕಟ್ಟಿಹಾಕುವ ಉಪ್ಪು ಅಲ್ಲಿ ಕಟ್ಟು ಬಿಚ್ಚುತ್ತದೆ. ಈ ಕಥೆಯನ್ನು ಓದಿದ ಮೇಲೆ ನನಗೆ ಬೇರೆ ಯಾವ ಜೋಂಬಿ ಕಥೆಯೂ ಇದಕ್ಕಿಂತ ದೊಡ್ಡದೆನಿಸಿಲ್ಲ. ಒಂದು ಜೋಂಬಿ ಚಿತ್ರ ನೋಡುವಾಗ ನಾನು ಕೇಳಿಕೊಳ್ಳುವ ಪ್ರಶ್ನೆಯೂ ಇಲ್ಲಿಂದಲೇ ಬಂದದ್ದು. ಈ ಹೆಣವನ್ನು ಎಬ್ಬಿಸಿದವರು ಯಾರು? ಯಾರ ಲಾಭಕ್ಕೆ?

ಸೀಬ್ರೂಕನ ಪುಸ್ತಕ ಬಂದ ಮೂರೇ ವರ್ಷಕ್ಕೆ, 1932ರಲ್ಲಿ, 'ವೈಟ್ ಜೋಂಬಿ' ತೆರೆಗೆ ಬಂತು. ಉದ್ದ ಕಥೆಯ ಮೊದಲ ಜೋಂಬಿ ಚಿತ್ರ ಎಂದು ಅದಕ್ಕೆ ಹೆಸರು. ವಿಕ್ಟರ್ ಹ್ಯಾಲ್ಪರಿನ್ ನಿರ್ದೇಶಕ. ಹಿಂದಿನ ವರ್ಷವಷ್ಟೇ ಡ್ರಾಕುಲಾ ಆಗಿ ಮೆರೆದಿದ್ದ ಬೆಲಾ ಲುಗೋಸಿ ಇಲ್ಲಿ ಲೆಜೆಂಡ್ರೆ ಎಂಬ ಸಕ್ಕರೆ ಗಿರಣಿಯ ಮಾಲೀಕ, ಮಾಂತ್ರಿಕ. ಯೂನಿವರ್ಸಲ್ ಸ್ಟುಡಿಯೊದಲ್ಲಿ ಬೇರೆ ಚಿತ್ರಗಳಿಗೆಂದು ಹಾಕಿದ್ದ ಸೆಟ್ಟುಗಳನ್ನು ಬಾಡಿಗೆಗೆ ಹಿಡಿದು ಅವಸರದಲ್ಲಿ ಮುಗಿಸಿದ ಚಿತ್ರ ಅದು. ಕಥೆ ತೆಳು. ಮದುವೆಗೆಂದು ಹೈಟಿಗೆ ಬಂದ ಬಿಳಿ ಹುಡುಗಿಯ ಮೇಲೆ ತೋಟದ ಸಾಹುಕಾರನೊಬ್ಬನ ಕಣ್ಣು ಬೀಳುತ್ತದೆ. ಅವಳನ್ನು ಪಡೆಯಲು ಅವನು ಲೆಜೆಂಡ್ರೆಯ ಕಾಲು ಹಿಡಿಯುತ್ತಾನೆ. ಅಭಿನಯ ನಾಟಕೀಯ, ನಾಯಕ ಸಪ್ಪೆ, ಕೊನೆಯ ಭಾಗ ಎಳೆದಾಡುತ್ತದೆ. ಚಿತ್ರದ ಕಾಳಜಿಯೆಲ್ಲ ಒಬ್ಬ ಬಿಳಿ ವಧುವಿನ ಮೇಲೆ. ಇದನ್ನೆಲ್ಲ ಒಪ್ಪಿಕೊಂಡೇ ಹೇಳುತ್ತೇನೆ, ಗಿರಣಿಯ ಒಂದು ದೃಶ್ಯಕ್ಕಾಗಿ ಈ ಚಿತ್ರವನ್ನು ನೋಡಲೇಬೇಕು.

ಸಾಹುಕಾರ ರಾತ್ರಿ ಗಿರಣಿಗೆ ಬರುತ್ತಾನೆ. ಮೇಲಿನ ಅಟ್ಟಣೆಯಲ್ಲಿ ಕರಿಯ ಆಳುಗಳು ತಲೆಯ ಮೇಲೆ ಕಬ್ಬಿನ ಬುಟ್ಟಿ ಹೊತ್ತು ಒಬ್ಬರ ಹಿಂದೆ ಒಬ್ಬರು ನಡೆಯುತ್ತಿದ್ದಾರೆ. ಕೆಳಗೆ ಇನ್ನು ಕೆಲವರು ದೊಡ್ಡ ಮರದ ತೊಲೆಗಳನ್ನು ಹಿಡಿದು ಗಾಣವನ್ನು ಸುತ್ತಿಸುತ್ತಿದ್ದಾರೆ. ಸಂಗೀತವಿಲ್ಲ. ಮಾತಿಲ್ಲ. ಮರ ಮರಕ್ಕೆ ತಿಕ್ಕುವ ಕಿರ್ರೆನ್ನುವ ಸದ್ದು ಮಾತ್ರ. ಕೇಳಕೇಳುತ್ತ ಅದು ಮನುಷ್ಯರ ನರಳಾಟದಂತೆ ಕೇಳತೊಡಗುತ್ತದೆ. ಮೇಲೆ ನಡೆಯುತ್ತಿದ್ದವನೊಬ್ಬ ಮುಗ್ಗರಿಸಿ ಗಾಣದೊಳಕ್ಕೆ ಬೀಳುತ್ತಾನೆ. ಕೂಗುವುದಿಲ್ಲ. ಹಿಂದಿನವನು ನಿಲ್ಲುವುದಿಲ್ಲ. ಗಾಣವೂ ನಿಲ್ಲುವುದಿಲ್ಲ, ಸದ್ದೂ ಬದಲಾಗುವುದಿಲ್ಲ. ಇಂಥ ಆಳುಗಳು ನಿಷ್ಠೆಯಿಂದ ದುಡಿಯುತ್ತಾರೆ, ಎಷ್ಟು ಹೊತ್ತು ದುಡಿಸಿದರೂ ಚಕಾರವೆತ್ತುವುದಿಲ್ಲ ಎಂದು ಲೆಜೆಂಡ್ರೆ ಸಾಹುಕಾರನಿಗೆ ಹೇಳುತ್ತಾನೆ, ನಿನ್ನ ತೋಟಕ್ಕೂ ಬೇಕಾದೀತು ಎನ್ನುವ ಧಾಟಿಯಲ್ಲಿ. ಅಮೆರಿಕದಲ್ಲಿ ಮಹಾ ಆರ್ಥಿಕ ಕುಸಿತದಿಂದ ಲಕ್ಷಾಂತರ ಜನ ಕೆಲಸ ಕಳೆದುಕೊಂಡು ಗಂಜಿಯ ಸಾಲಿನಲ್ಲಿ ನಿಂತಿದ್ದ ವರ್ಷ ಅದು. ಕಡಿಮೆ ಖರ್ಚಿನ ಆ ಒಂದು ದೃಶ್ಯದಲ್ಲಿ ಹೈಟಿಯ ಇನ್ನೂರು ವರ್ಷದ ಸಂಕಟವೂ ಇದೆ, ನೋಡುತ್ತಿದ್ದ ಪ್ರೇಕ್ಷಕನ ಸಂಕಟವೂ ಇದೆ.

ಇನ್ನು ನಾನು ಎಲ್ಲಕ್ಕಿಂತ ಹೆಚ್ಚು ಪ್ರೀತಿಸುವ ಚಿತ್ರಕ್ಕೆ ಬರುತ್ತೇನೆ. 1943ರ 'ಐ ವಾಕ್ಡ್ ವಿತ್ ಎ ಜೋಂಬಿ'. ಹೆಸರು ಕೇಳಿ ಹಗುರವಾಗಿ ನೋಡಬೇಡಿ. ಆ ಹೆಸರು ನಿರ್ಮಾಪಕ ವ್ಯಾಲ್ ಲ್ಯೂಟನ್‌ನ ಆಯ್ಕೆಯಲ್ಲ. ಆರ್‌ಕೆಒ ಸ್ಟುಡಿಯೊ ಅವನ ಜೊತೆ ಮಾಡಿಕೊಂಡ ಕರಾರೇ ಹಾಗಿತ್ತು: ಹೆಸರು ನಾವು ಕೊಡುತ್ತೇವೆ, ಖರ್ಚು ಒಂದೂವರೆ ಲಕ್ಷ ಡಾಲರ್ ಮೀರಬಾರದು, ಚಿತ್ರ ಒಂದೂಕಾಲು ಗಂಟೆಯೊಳಗಿರಬೇಕು. ಇಷ್ಟಕ್ಕೆ ಒಪ್ಪಿದರೆ ಒಳಗೆ ಏನು ಬೇಕಾದರೂ ಮಾಡಿಕೊ. ಲ್ಯೂಟನ್ ಆ ಅಗ್ಗದ ಹೆಸರಿನೊಳಗೆ 'ಜೇನ್ ಐರ್' ಕಾದಂಬರಿಯ ಎಳೆಯನ್ನು ತಂದಿಟ್ಟ. ನಿರ್ದೇಶಕ ಜಾಕ್ ಟೂರ್ನರ್ ನೆರಳಿನಲ್ಲಿ ಅದನ್ನು ಹೆಣೆದ.

ಕೆನಡಾದ ಹಿಮದ ಊರಿನಿಂದ ಬೆಟ್ಸಿ ಎಂಬ ನರ್ಸು ಕೆರಿಬಿಯನ್ನಿನ ಒಂದು ಕಾಲ್ಪನಿಕ ದ್ವೀಪಕ್ಕೆ ಬರುತ್ತಾಳೆ. ಕಬ್ಬಿನ ತೋಟದ ಮಾಲೀಕ ಹಾಲೆಂಡ್‌ನ ಹೆಂಡತಿಗೆ ಕಣ್ಣು ತೆರೆದಿದ್ದರೂ ಮನಸ್ಸಿಲ್ಲ, ಕಾಲು ನಡೆದರೂ ತನ್ನ ಇಚ್ಛೆಯಿಲ್ಲ. ಅವಳನ್ನು ನೋಡಿಕೊಳ್ಳುವುದು ನರ್ಸಿನ ಕೆಲಸ. ಬಂದರಿನಿಂದ ಮನೆಗೆ ಹೋಗುವ ದಾರಿಯಲ್ಲಿ ಕರಿಯ ಮುದುಕ ಗಾಡಿಯವನು ಅವಳಿಗೆ ಊರಿನ ಕಥೆ ಹೇಳುತ್ತಾನೆ. ಹಾಲೆಂಡರ ಹಿರಿಯರು ನಮ್ಮ ಹಿರಿಯರನ್ನು ಹಡಗಿನ ತಳದಲ್ಲಿ ಸರಪಳಿ ಹಾಕಿ ತಂದರು ಎನ್ನುತ್ತಾನೆ. ಬೆಟ್ಸಿ ಸುತ್ತಲಿನ ಹೂವು, ಕಡಲು ನೋಡಿ, ಹೋಗಲಿ, ಎಂಥ ಚೆಂದದ ಜಾಗಕ್ಕೆ ತಂದರಲ್ಲ ಎನ್ನುತ್ತಾಳೆ. ಗಾಡಿಯವನು ಸಣ್ಣಗೆ ನಕ್ಕು, ನೀವು ಹಾಗೆನ್ನುವುದಾದರೆ ಸರಿ ಎಂದು ಸುಮ್ಮನಾಗುತ್ತಾನೆ. ಇಡೀ ಚಿತ್ರದ ಜೀವ ಆ ಸುಮ್ಮನಾಗುವುದರಲ್ಲಿದೆ. ಆ ಗುಲಾಮರ ಹಡಗಿನ ಮುಂಭಾಗದಲ್ಲಿದ್ದ ಸಂತ ಸೆಬಾಸ್ಟಿಯನ್ನನ ಮರದ ವಿಗ್ರಹ, ಮೈತುಂಬ ಬಾಣ ನೆಟ್ಟ ವಿಗ್ರಹ, ಈಗ ಹಾಲೆಂಡರ ಮನೆಯ ಅಂಗಳದಲ್ಲಿದೆ. ಈ ಊರಿನಲ್ಲಿ ಮಗು ಹುಟ್ಟಿದರೆ ಅಳುತ್ತಾರೆ, ಯಾರಾದರೂ ಸತ್ತರೆ ಹಬ್ಬ ಮಾಡುತ್ತಾರೆ. ಬದುಕೆಂಬುದು ಹೊರೆಯಾಗಿದ್ದ ಕಾಲದಿಂದ ಬಂದ ಪದ್ಧತಿ ಎಂದು ಹಾಲೆಂಡನೇ ವಿವರಿಸುತ್ತಾನೆ. 1943ರ ಹಾಲಿವುಡ್ಡಿನಲ್ಲಿ ಇಷ್ಟನ್ನು ಹೇಳಿದ ಚಿತ್ರಗಳು ಎಷ್ಟಿದ್ದವು?

ಆಮೇಲೆ ಆ ರಾತ್ರಿಯ ನಡಿಗೆ. ಔಷಧಿ ಸೋತ ಮೇಲೆ ಬೆಟ್ಸಿ ರೋಗಿಯನ್ನು ಕರೆದುಕೊಂಡು ಕಬ್ಬಿನ ಗದ್ದೆಯ ನಡುವೆ, ವೂಡೂ ಎಂಬ ಅಲ್ಲಿನ ಜನರ ಪೂಜೆಯ ಜಾಗಕ್ಕೆ ಹೊರಡುತ್ತಾಳೆ. ಆಳೆತ್ತರದ ಕಬ್ಬು. ಅದರೊಳಗೆ ಬಿಳಿ ಉಡುಪಿನ ಹೆಂಗಸು, ಅವಳ ಮುಂದೆ ಟಾರ್ಚು ಹಿಡಿದ ನರ್ಸು. ಮರಕ್ಕೆ ನೇತುಹಾಕಿದ ಸತ್ತ ಪ್ರಾಣಿ, ನೆಲದ ಮೇಲೆ ತಲೆಬುರುಡೆ, ಗಾಳಿ ಹೊಕ್ಕು ಶಿಳ್ಳೆ ಹಾಕುವ ಸೋರೆಬುರುಡೆ. ಹಿನ್ನೆಲೆ ಸಂಗೀತ ತುಂಬುವ ಆಸೆಯನ್ನು ಟೂರ್ನರ್ ಅದುಮಿಟ್ಟಿದ್ದಾನೆ. ಎಲೆ ಎಲೆಗೆ ಉಜ್ಜುವ ಸದ್ದು, ದೂರದ ಡೋಲು. ಟಾರ್ಚಿನ ಬೆಳಕಿನ ವೃತ್ತ ನೆಲದ ಮೇಲೆ ಸರಿಯುತ್ತ ಸರಿಯುತ್ತ ಎರಡು ಬರಿಗಾಲುಗಳ ಮೇಲೆ ನಿಲ್ಲುತ್ತದೆ. ಬೆಳಕು ಮೇಲೇರುತ್ತದೆ. ಎತ್ತರದ, ಎಲುಬು ಕಾಣುವ ಕರಿಯ ದೇಹ, ಹೊರಬಂದ ಗುಡ್ಡೆಯ, ರೆಪ್ಪೆ ಬಡಿಯದ ಕಣ್ಣು. ಕೂಡುದಾರಿಯ ಕಾವಲುಗಾರ ಕಾರ್‌ಫೂರ್. ಡಾರ್ಬಿ ಜೋನ್ಸ್ ಎಂಬ ನಟನಿಗೆ ಇಡೀ ಚಿತ್ರದಲ್ಲಿ ಒಂದೂ ಮಾತಿಲ್ಲ. ಅವನು ಯಾರನ್ನೂ ಹೊಡೆಯುವುದಿಲ್ಲ, ಕಚ್ಚುವುದಿಲ್ಲ. ಹಾಗಿದ್ದೂ ಆ ನಿಲುವನ್ನು ಮರೆಯಲಾಗುವುದಿಲ್ಲ.

ಮಾತಿಲ್ಲದವನ ಎದುರಿಗೆ ಚಿತ್ರ ಒಬ್ಬ ಹಾಡುಗಾರನನ್ನು ನಿಲ್ಲಿಸಿದೆ. ಸರ್ ಲ್ಯಾನ್ಸ್‌ಲಾಟ್ ಎಂಬ ಕ್ಯಾಲಿಪ್ಸೊ ಗಾಯಕ ಬೀದಿಯಲ್ಲಿ ನಿಂತು ಹಾಲೆಂಡ್ ಮನೆತನದ ಒಳಗುಟ್ಟನ್ನು ಹಾಡಿನಲ್ಲಿ ಬಯಲು ಮಾಡುತ್ತಾನೆ. ದೊಡ್ಡಮನೆಯವರು ಬಾಯಿ ಮುಚ್ಚಿಕೊಂಡದ್ದನ್ನೆಲ್ಲ ಬೀದಿ ಹಾಡುತ್ತದೆ. ರೇಡಿಯೊ ಕೇಳುಗರಾದ ನಿಮಗೆ ಈ ಚಿತ್ರದ ಧ್ವನಿಯ ಕಟ್ಟಡವೇ ಮೊದಲು ಹಿಡಿಸೀತು. ಕಣ್ಣು ಮುಚ್ಚಿಕೊಂಡು ಕೇಳಿದರೂ ಇದರ ಅರ್ಧ ಕಥೆ ತಿಳಿಯುತ್ತದೆ.

ಬ್ರಿಟನ್ನಿನ ಹ್ಯಾಮರ್ ಕಂಪನಿ 1966ರಲ್ಲಿ ಮಾಡಿದ 'ದಿ ಪ್ಲೇಗ್ ಆಫ್ ದಿ ಜೋಂಬೀಸ್' ಅನ್ನು ಹೆಚ್ಚು ಹೊತ್ತು ಚರ್ಚಿಸುವುದಿಲ್ಲ. ಜಾನ್ ಗಿಲ್ಲಿಂಗ್ ನಿರ್ದೇಶನದ ಈ ಚಿತ್ರದಲ್ಲಿ ಹೈಟಿಯಿಂದ ವಿದ್ಯೆ ಕಲಿತು ಬಂದ ಜಮೀನ್ದಾರ ಕಾರ್ನ್‌ವಾಲಿನ ಹಳ್ಳಿಗರನ್ನು ಕೊಂದು, ಎಬ್ಬಿಸಿ, ತನ್ನ ತವರದ ಗಣಿಯಲ್ಲಿ ಚಾಟಿಯ ಕೆಳಗೆ ದುಡಿಸುತ್ತಾನೆ. ವಸಾಹತಿನಲ್ಲಿ ಕಲಿತ ಕ್ರೌರ್ಯ ತನ್ನೂರಿನ ಬಡವರ ಮೇಲೇ ತಿರುಗುತ್ತದೆ ಎನ್ನುವುದು ಗಟ್ಟಿ ವಿಚಾರ. ಹಸಿರು ಬೆಳಕಿನಲ್ಲಿ ಹೆಣಗಳು ಮಣ್ಣು ಸೀಳಿಕೊಂಡು ಏಳುವ ಕನಸಿನ ದೃಶ್ಯ ಚೆನ್ನಾಗಿದೆ. ಉಳಿದದ್ದು ಹ್ಯಾಮರ್ ಕಂಪನಿಯ ಎಂದಿನ ಅಚ್ಚುಕಟ್ಟು.

ಎರಡು ವರ್ಷ ಕಳೆದು, 1968ರಲ್ಲಿ, ಪಿಟ್ಸ್‌ಬರ್ಗಿನ ಜಾರ್ಜ್ ರೊಮೆರೊ 'ನೈಟ್ ಆಫ್ ದಿ ಲಿವಿಂಗ್ ಡೆಡ್' ಮಾಡಿದ. ಅದು ಅಪರೂಪದ ಚಿತ್ರವೇನಲ್ಲ, ಆದರೆ ದಾಟಿ ಹೋಗುವಂತಿಲ್ಲ. ಇವತ್ತಿನ ಕಚ್ಚುವ, ಹರಡುವ ಹೆಣ ಅಲ್ಲಿಂದ ಬಂತು. ಜೋಂಬಿ ಎಂಬ ಪದ ಆ ಚಿತ್ರದಲ್ಲಿ ಒಮ್ಮೆಯೂ ಬರುವುದಿಲ್ಲ. ರೊಮೆರೊ ಹೆಣದಿಂದ ಒಡೆಯನನ್ನು ಕಿತ್ತುಹಾಕಿದ. ದುಡಿಯುತ್ತಿದ್ದ ಹೆಣ ತಿನ್ನುವ ಹೆಣವಾಯಿತು. ಅದರ ಕೊನೆಯನ್ನು ನೆನೆಯಿರಿ: ರಾತ್ರಿಯಿಡೀ ಹೋರಾಡಿ ಬದುಕಿದ ಕರಿಯ ನಾಯಕನನ್ನು, ಡುವೇನ್ ಜೋನ್ಸ್ ನಟಿಸಿದ ಪಾತ್ರವನ್ನು, ಬೆಳಗ್ಗೆ ಬಂದೂಕು ಹಿಡಿದು ಬಂದ ಬಿಳಿಯರ ತಂಡ ಹೆಣವೆಂದು ತಿಳಿದು ಹೊಡೆದು ಹಾಕುತ್ತದೆ. ಮಾರ್ಟಿನ್ ಲೂಥರ್ ಕಿಂಗ್ ಕೊಲೆಯಾದ ವರ್ಷವೇ ಜನ ಅದನ್ನು ನೋಡಿದರು.

ತಿನ್ನುವ ಹೆಣವನ್ನು ನಾನು ಕಂಡಂತೆ ಅತ್ಯಂತ ವಿಚಿತ್ರವಾಗಿ ತೋರಿಸಿದ ಚಿತ್ರ 'ಮೆಸಾಯ ಆಫ್ ಈವಿಲ್'. ಎಪ್ಪತ್ತರ ದಶಕದ ಮೊದಲಲ್ಲಿ ವಿಲರ್ಡ್ ಹೈಕ್, ಗ್ಲೋರಿಯಾ ಕಾಟ್ಜ್ ದಂಪತಿ ಕ್ಯಾಲಿಫೋರ್ನಿಯಾದ ಕಡಲ ದಂಡೆಯಲ್ಲಿ ತೆಗೆದದ್ದು. ದುಡ್ಡು ಮುಗಿದು ಚಿತ್ರ ಅರ್ಧಂಬರ್ಧವಾಯಿತು. ಇದೇ ದಂಪತಿ ಮುಂದೆ ಜಾರ್ಜ್ ಲ್ಯೂಕಾಸ್ ಜೊತೆ 'ಅಮೆರಿಕನ್ ಗ್ರಫೀಟಿ' ಬರೆದು ಹೆಸರು ಮಾಡಿದರು. ಕಾಣೆಯಾದ ಕಲಾವಿದ ತಂದೆಯನ್ನು ಹುಡುಕಿಕೊಂಡು ಮಗಳೊಬ್ಬಳು ಕಡಲ ದಂಡೆಯ ಒಂದು ಊರಿಗೆ ಬರುತ್ತಾಳೆ. ಕಥೆ ಅಲ್ಲಲ್ಲಿ ಕಡಿದುಹೋಗುತ್ತದೆ, ಅರ್ಥವಾಗದ್ದು ಬಹಳ. ಆದರೆ ಎರಡು ದೃಶ್ಯಗಳಿಗೆ ಸಾಟಿಯಿಲ್ಲ. ಒಂದರಲ್ಲಿ ರಾತ್ರಿ ಒಬ್ಬ ಹುಡುಗಿ ಟ್ಯೂಬ್‌ಲೈಟಿನ ಬೆಳಕಿನ ಸೂಪರ್ ಮಾರ್ಕೆಟ್ಟಿಗೆ ಹೋಗುತ್ತಾಳೆ. ಸಾಲು ಸಾಲು ಡಬ್ಬಿ, ಪೊಟ್ಟಣ, ಜನರೇ ಇಲ್ಲ. ಒಳಗೆ ಹೋದರೆ ಮಾಂಸದ ಕೌಂಟರಿನ ಮುಂದೆ ಕೋಟು, ಅಚ್ಚುಕಟ್ಟಾದ ಉಡುಪು ತೊಟ್ಟ ಊರ ಗಣ್ಯರು ಬಗ್ಗಿ ನಿಂತು ಹಸಿ ಮಾಂಸವನ್ನು ಎರಡೂ ಕೈಯಲ್ಲಿ ತಿನ್ನುತ್ತಿದ್ದಾರೆ. ಅವಳನ್ನು ಕಂಡು ತಲೆ ಎತ್ತುತ್ತಾರೆ. ಇನ್ನೊಂದು ದೃಶ್ಯ ಸಿನಿಮಾ ಮಂದಿರದ್ದು. ಖಾಲಿ ಹಾಲಿನಲ್ಲಿ ಒಬ್ಬಳೇ ಕೂತು ಚಿತ್ರ ನೋಡುತ್ತಿರುವ ಹುಡುಗಿ. ಅವಳ ಹಿಂದಿನ ಕುರ್ಚಿಗಳಲ್ಲಿ ಒಬ್ಬೊಬ್ಬರಾಗಿ, ಸದ್ದಿಲ್ಲದೆ ಬಂದು ಕೂರುತ್ತಾರೆ. ಅವಳು ತಿರುಗಿ ನೋಡುವ ಹೊತ್ತಿಗೆ ಹಾಲು ತುಂಬಿದೆ. ರೊಮೆರೊ ಹೆಣಗಳನ್ನು ಶಾಪಿಂಗ್ ಮಾಲಿಗೆ ತಂದದ್ದು 1978ರಲ್ಲಿ. ಅಂಗಡಿಯಲ್ಲೇ ಹಸಿವು ತೀರಿಸಿಕೊಳ್ಳುವ ಹೆಣಗಳು ಇಲ್ಲಿ ಅದಕ್ಕೂ ಮೊದಲೇ ಬಂದಿದ್ದವು.

ಯುರೋಪಿನವರು ಮಾಡಿದ ಇಂಥ ಚಿತ್ರಗಳಲ್ಲಿ ಸ್ಪೇನಿನ ಹೋರ್ಗೆ ಗ್ರಾವ್ 1974ರಲ್ಲಿ ಇಂಗ್ಲೆಂಡಿಗೆ ಹೋಗಿ ತೆಗೆದ 'ದಿ ಲಿವಿಂಗ್ ಡೆಡ್ ಅಟ್ ಮ್ಯಾಂಚೆಸ್ಟರ್ ಮಾರ್ಗ್' ನನ್ನ ಲೆಕ್ಕದಲ್ಲಿ ಮೊದಲನೆಯದು. ಲುಚಿಯೊ ಫುಲ್ಚಿಯ 'ಜೋಂಬಿ 2' ಚಿತ್ರಕ್ಕೆ, ನೀರಿನೊಳಗೆ ಹೆಣ ಶಾರ್ಕ್ ಮೀನಿನೊಡನೆ ಸೆಣಸುವ ಅದರ ದೃಶ್ಯಕ್ಕೆ ಅಭಿಮಾನಿಗಳು ಹೆಚ್ಚು, ನಿಜ. ಗ್ರಾವ್‌ನ ಚಿತ್ರಕ್ಕೆ ಅದಕ್ಕಿಂತ ತಲೆಯೂ ಇದೆ, ಸಿಟ್ಟೂ ಇದೆ. ಹೊಲದಲ್ಲಿ ಸರ್ಕಾರಿ ಇಲಾಖೆಯವರು ಹೊಸ ಯಂತ್ರವೊಂದನ್ನು ಪರೀಕ್ಷಿಸುತ್ತಿದ್ದಾರೆ. ಔಷಧಿ ಸಿಂಪಡಿಸುವುದೇ ಬೇಡ, ಅದು ಹೊಮ್ಮಿಸುವ ಅಲೆಗಳಿಗೆ ಕೀಟಗಳ ನರ ಕೆಟ್ಟು ಅವು ಒಂದನ್ನೊಂದು ಕೊಂದುಕೊಳ್ಳುತ್ತವೆ. ಅದೇ ಅಲೆ ಆಗಷ್ಟೇ ಸತ್ತವರ ನರಗಳನ್ನೂ ಎಬ್ಬಿಸುತ್ತದೆ. ಹಸಿರು ಹೊಲ, ಹಳೆಯ ಚರ್ಚು, ಕಲ್ಲಿನ ಬೇಲಿ, ಅದರ ನಡುವೆ ಗುಂಯ್‌ಗುಡುವ ಕೆಂಪು ಯಂತ್ರ. ತಿಳಿದವನೊಬ್ಬ ಎಷ್ಟು ಹೇಳಿದರೂ ಇಲಾಖೆ ಕೇಳುವುದಿಲ್ಲ. ಹೆಣ ಎದ್ದಿದೆ ಎಂದು ಕಥೆಯ ನಾಯಕ ಹೇಳಿದರೆ, ಉದ್ದ ಕೂದಲಿನ ಹುಡುಗ ಹೇಳಿದ್ದು ಎನ್ನುವ ಒಂದೇ ಕಾರಣಕ್ಕೆ ಪೊಲೀಸ್ ಇನ್‌ಸ್ಪೆಕ್ಟರೂ ನಂಬುವುದಿಲ್ಲ. ಸ್ಪೇನಿನಲ್ಲಿ ಆಗಿನ್ನೂ ಫ್ರಾಂಕೊನ ಸರ್ವಾಧಿಕಾರ. ಆ ಇನ್‌ಸ್ಪೆಕ್ಟರನ ಪಾತ್ರಕ್ಕೆ ಅಷ್ಟು ವಿಷ ತುಂಬಿದ್ದು ಸುಮ್ಮನೆ ಅಲ್ಲ ಎಂದು ನನಗನಿಸುತ್ತದೆ. ಕೊನೆಯ ಭಾಗದ ಹಿಂಸೆ ಬಹಳ ಹಸಿ, ಮಕ್ಕಳ ಜೊತೆ ಕೂತು ನೋಡುವಂಥದ್ದಲ್ಲ.

ಅದೇ 1974ರಲ್ಲಿ ಅಮೆರಿಕದ ಹ್ಯೂಸ್ಟನ್ನಿನಲ್ಲಿ ಇನ್ನೊಂದು ಚಿತ್ರ ತಯಾರಾಯಿತು, 'ಶುಗರ್ ಹಿಲ್'. ಪಾಲ್ ಮಸ್ಲಾನ್ಸ್ಕಿ ನಿರ್ದೇಶಿಸಿದ ಏಕೈಕ ಚಿತ್ರ. ರೌಡಿಗಳು ತನ್ನ ಪ್ರಿಯಕರನನ್ನು ಕೊಂದಾಗ ಶುಗರ್ ಎಂಬ ಕರಿಯ ಹೆಣ್ಣುಮಗಳು ಸ್ಮಶಾನದ ದೇವತೆ ಬ್ಯಾರನ್ ಸಮೇದಿಯ ಸಹಾಯದಿಂದ ಹೆಣಗಳನ್ನು ಎಬ್ಬಿಸುತ್ತಾಳೆ. ಸಂಭಾಷಣೆ ಒರಟು, ಸೇಡಿನ ಕಥೆ ನಿರೀಕ್ಷಿಸಿದಂತೆಯೇ ಸಾಗುತ್ತದೆ. ಆದರೆ ಏಳುವವರು ಯಾರೆಂದು ನೋಡಿ. ಗಿನಿಯಿಂದ ತರುವಾಗ ಕಾಯಿಲೆಯಿಂದ ಸತ್ತ ಗುಲಾಮರು ಅವರು. ಮೈಮೇಲೆ ಜೇಡರ ಬಲೆ, ಕಣ್ಣಿನ ಜಾಗದಲ್ಲಿ ಬೆಳ್ಳಿಯ ಗುಂಡುಗಳು, ಮಣಿಕಟ್ಟಿನಲ್ಲಿ ಇನ್ನೂ ತುಕ್ಕು ಹಿಡಿದ ಕಬ್ಬಿಣದ ಕೋಳ. ಪೊಲೀಸರಿಗೆ ಸಿಗುವ ಸುಳಿವೂ ಆ ಕೋಳವೇ. ಮಣ್ಣಿನಿಂದ ಎದ್ದ ಆ ಕೈಗಳು ಮತ್ತೆ ಕಬ್ಬು ಕಡಿಯಲು ಹೋಗುವುದಿಲ್ಲ, ರೌಡಿಗಳ ಕಡೆಗೆ ಹೋಗುತ್ತವೆ. ಹೈಟಿಯ ಭಯವನ್ನು ತಿರುಗುಬಾಣ ಮಾಡಿದ ಈ ಕಲ್ಪನೆಗಾಗಿ ಅದರ ಉಳಿದ ಕೊರತೆಗಳನ್ನೆಲ್ಲ ನಾನು ಸಹಿಸುತ್ತೇನೆ.

ಬಾನುಲಿಯಲ್ಲಿ ಕೂತು ಜೋಂಬಿ ಚಿತ್ರಗಳ ಬಗ್ಗೆ ಮಾತನಾಡುವವರು 'ಪಾಂಟಿಪೂಲ್' ಬಿಟ್ಟರೆ ತಪ್ಪಾದೀತು. ಕೆನಡಾದ ಬ್ರೂಸ್ ಮ್ಯಾಕ್‌ಡೊನಾಲ್ಡ್ 2008ರಲ್ಲಿ ಮಾಡಿದ ಚಿತ್ರ, ಟೋನಿ ಬರ್ಜೆಸ್ ಅವರ ಕಾದಂಬರಿಯಿಂದ ಹುಟ್ಟಿದ್ದು. ಅಲ್ಲಿನ ಸಿಬಿಸಿ ರೇಡಿಯೊಗೆ ನಾಟಕವಾಗಿಯೂ ತಯಾರಾಯಿತು. ಆಂಟೇರಿಯೊದ ಸಣ್ಣ ಊರು. ಚರ್ಚಿನ ನೆಲಮಾಳಿಗೆಯಲ್ಲಿ ಒಂದು ರೇಡಿಯೊ ಕೇಂದ್ರ. ಹೊರಗೆ ಹಿಮ ಸುರಿಯುತ್ತಿದೆ. ದೊಡ್ಡ ಊರಿನ ಕೆಲಸ ಕಳೆದುಕೊಂಡು ಬಂದ ಗ್ರಾಂಟ್ ಮಾಜ಼ಿ ಎಂಬ ಉದ್ಘೋಷಕ, ಒಬ್ಬ ನಿರ್ಮಾಪಕಿ, ಒಬ್ಬ ತಾಂತ್ರಿಕ ಸಹಾಯಕಿ, ಇಷ್ಟೇ ಜನ. ಮುಕ್ಕಾಲು ಚಿತ್ರ ಅವರು ಹೊರಗೆ ಹೋಗುವುದೇ ಇಲ್ಲ. ಊರಿನಲ್ಲಿ ಏನೋ ನಡೆಯುತ್ತಿದೆ ಎನ್ನುವುದು ಫೋನಿನ ಧ್ವನಿಗಳಲ್ಲೇ ತಿಳಿಯಬೇಕು. ಹೆಲಿಕಾಪ್ಟರಿನಿಂದ ಟ್ರಾಫಿಕ್ ವರದಿ ಕೊಡುವ ಕೆನ್ ನಿಜಕ್ಕೂ ಬೆಟ್ಟದ ಮೇಲೆ ಕಾರು ನಿಲ್ಲಿಸಿಕೊಂಡು, ಹಿನ್ನೆಲೆಗೆ ಹೆಲಿಕಾಪ್ಟರಿನ ಸದ್ದು ಹಾಕಿಕೊಂಡು ಮಾತನಾಡುವವನು. ಅದೇ ಕೆನ್ ಜನ ಗುಂಪುಗೂಡಿ ಒಬ್ಬರ ಮೇಲೊಬ್ಬರು ಬೀಳುವುದನ್ನು ಕಂಡು ನಡುಗುವ ದನಿಯಲ್ಲಿ ವರದಿ ಮಾಡುವಾಗ ಹಿನ್ನೆಲೆಯ ಸುಳ್ಳು ಸದ್ದೆಲ್ಲ ಕಳಚಿಬೀಳುತ್ತದೆ. ನಾವು ಏನನ್ನೂ ನೋಡುವುದಿಲ್ಲ. ಮಾಜ಼ಿಯಾಗಿ ನಟಿಸಿದ ಸ್ಟೀಫನ್ ಮ್ಯಾಕ್‌ಹ್ಯಾಟಿಯ ಮುಖ ಕೇಳುವುದನ್ನು ನೋಡುತ್ತೇವೆ. ಅಷ್ಟೇ ಸಾಕಾಗುತ್ತದೆ.

ಇಲ್ಲಿ ಸೋಂಕು ಹರಡುವುದು ಕಚ್ಚಿದ್ದರಿಂದಲ್ಲ, ಮಾತಿನಿಂದ. ಇಂಗ್ಲಿಷಿನ ಕೆಲವು ಪದಗಳು, ಅದರಲ್ಲೂ ಪ್ರೀತಿಯಿಂದ ಕರೆಯುವ ಪದಗಳು, ಕೆಟ್ಟುಹೋಗಿವೆ. ಕೇಳಿ ಅರ್ಥ ಮಾಡಿಕೊಂಡ ಕೂಡಲೇ ನಾಲಿಗೆ ಅದೇ ಪದದ ಮೇಲೆ ಸಿಕ್ಕಿಹಾಕಿಕೊಳ್ಳುತ್ತದೆ. ಆಮೇಲೆ ಆ ಮನುಷ್ಯ ಇನ್ನೊಬ್ಬರ ಬಾಯಿಯ ಮಾತನ್ನು ಹುಡುಕಿಕೊಂಡು ಅವರ ಮೇಲೆ ಬೀಳುತ್ತಾನೆ. ಊರಿಗೆಲ್ಲ ಎಚ್ಚರಿಕೆ ಕೊಡಬೇಕಾದ ರೇಡಿಯೊವೇ ರೋಗ ಹರಡುತ್ತಿದ್ದರೆ? ಮೈಕಿನ ಮುಂದೆ ಕೂತವನು ಮಾತನಾಡಬೇಕೇ, ಸುಮ್ಮನಿರಬೇಕೇ? ಈ ಪ್ರಶ್ನೆಯನ್ನು ಚಿತ್ರ ಕೊನೆಯವರೆಗೂ ಬಿಗಿಯಾಗಿ ಹಿಡಿದಿದೆ. ಇದರ ಹೆಣಗಳಿಗೆ ತೋಟವಿಲ್ಲ, ಒಡೆಯನಿಲ್ಲ. ಆದರೆ ಸರಪಳಿ ಹಾಕಿ ತಂದವರಿಂದ ತೋಟದ ಮಾಲೀಕರು ಮೊದಲು ಕಿತ್ತುಕೊಂಡದ್ದು ಅವರ ಹೆಸರನ್ನು, ನುಡಿಯನ್ನು. ಹೆಸರು ಕೇಳಿದರೆ ಉತ್ತರಿಸದ ಟಿ ಜೋಸೆಫನ ಆಳುಗಳಿಗೂ ತನ್ನ ಮಾತಿಲ್ಲದ ಕಾರ್‌ಫೂರ್‌ಗೂ ಪಾಂಟಿಪೂಲಿನ ಜನ ದೂರದ ನೆಂಟರೇ.

ಕೊನೆಯದಾಗಿ ಹೈಟಿಗೆ ಮರಳಿದ ಒಂದು ಚಿತ್ರ. 1962ರಲ್ಲಿ ಹೈಟಿಯ ಆಸ್ಪತ್ರೆಯೊಂದರಲ್ಲಿ ಕ್ಲೇರ್ವಿಯಸ್ ನಾರ್ಸಿಸ್ ಎಂಬಾತ ಸತ್ತನೆಂದು ವೈದ್ಯರು ಬರೆದುಕೊಟ್ಟರು, ಮನೆಯವರು ಹೂಳಿದರು. 1980ರಲ್ಲಿ ಒಬ್ಬ ಮನುಷ್ಯ ಅವನ ತಂಗಿಯ ಮುಂದೆ ನಿಂತು, ನಾನೇ ನಾರ್ಸಿಸ್ ಎಂದ. ಗೋರಿಯಿಂದ ತೆಗೆದು ನನ್ನನ್ನು ಕಬ್ಬಿನ ತೋಟದಲ್ಲಿ ದುಡಿಸಿದರು ಎಂದ. ಹಾರ್ವರ್ಡಿನ ವೇಡ್ ಡೇವಿಸ್ ಇದರ ಹಿಂದೆ ಹೋಗಿ, ಪಫರ್ ಮೀನಿನ ವಿಷದಿಂದ ಮಾಡಿದ ಪುಡಿ ಇದಕ್ಕೆ ಕಾರಣ ಎಂದು ವಾದಿಸಿದರು. ಅವರ ಪರೀಕ್ಷೆಗಳನ್ನು ಬೇರೆ ವಿಜ್ಞಾನಿಗಳು ಒಪ್ಪಲಿಲ್ಲ. ಡೇವಿಸ್ ಪುಸ್ತಕದಿಂದ ವೆಸ್ ಕ್ರೇವನ್ 1988ರಲ್ಲಿ 'ದಿ ಸರ್ಪೆಂಟ್ ಅಂಡ್ ದಿ ರೇನ್‌ಬೊ' ಮಾಡಿದ. ಅದರ ಮೊದಲರ್ಧ ಚೆನ್ನ. ಆಮೇಲೆ ಅಬ್ಬರಕ್ಕೆ ಬಲಿಯಾಯಿತು.

ನಾರ್ಸಿಸ್‌ಗೆ ನ್ಯಾಯ ಸಿಕ್ಕಿದ್ದು ಫ್ರಾನ್ಸಿನ ಬರ್ಟ್ರಾಂ ಬೊನೆಲ್ಲೊ 2019ರಲ್ಲಿ ಮಾಡಿದ 'ಜೋಂಬಿ ಚೈಲ್ಡ್'ನಲ್ಲಿ. ಒಂದು ಕಡೆ 1962ರ ಹೈಟಿ, ರಾತ್ರಿ ಕಬ್ಬು ಕಡಿಯುವ, ತಲೆ ತಗ್ಗಿಸಿದ ಮನುಷ್ಯರು. ಇನ್ನೊಂದು ಕಡೆ ಇವತ್ತಿನ ಪ್ಯಾರಿಸ್ ಬಳಿಯ ಹೆಣ್ಣುಮಕ್ಕಳ ವಸತಿಶಾಲೆ, ಲೀಜನ್ ಆಫ್ ಆನರ್ ಪದವಿ ಪಡೆದವರ ಮಕ್ಕಳು ಮೊಮ್ಮಕ್ಕಳಿಗಾಗಿ ನೆಪೋಲಿಯನ್ ಸ್ಥಾಪಿಸಿದ್ದು. ಹೈಟಿಯ ಭೂಕಂಪದಲ್ಲಿ ತಂದೆತಾಯಿಯನ್ನು ಕಳೆದುಕೊಂಡ ನಾರ್ಸಿಸ್ ಮೊಮ್ಮಗಳು ಅಲ್ಲಿ ಓದುತ್ತಿದ್ದಾಳೆ. ಫ್ರೆಂಚ್ ಗಣರಾಜ್ಯ ರದ್ದು ಮಾಡಿದ್ದ ಗುಲಾಮಗಿರಿಯನ್ನು 1802ರಲ್ಲಿ ಮತ್ತೆ ತಂದವನು ಇದೇ ನೆಪೋಲಿಯನ್. ಬೊನೆಲ್ಲೊ ಇದನ್ನು ಒತ್ತಿ ಹೇಳುವುದಿಲ್ಲ, ಎರಡು ಜಾಗಗಳನ್ನು ಪಕ್ಕಪಕ್ಕದಲ್ಲಿ ಇಡುತ್ತಾನೆ. ಶಾಲೆಯ ಹುಡುಗಿಯೊಬ್ಬಳ ಪ್ರೇಮದ ಉಪಕಥೆ ಸ್ವಲ್ಪ ಜಾಸ್ತಿಯಾಯಿತು. ಆದರೆ ಗದ್ದೆಯ ದೃಶ್ಯಗಳಲ್ಲಿ ಮಚ್ಚು ಕಬ್ಬಿಗೆ ಬೀಳುವ ಸದ್ದೂ ಆ ಮನುಷ್ಯರ ಉಸಿರೂ ಕಿವಿಯಲ್ಲಿ ಉಳಿಯುತ್ತವೆ.

ನಮ್ಮ ಊರುಗಳ ಫಿಲ್ಮ್ ಸೊಸೈಟಿಗಳಿಗೆ, ಕಾಲೇಜುಗಳ ಸಿನಿಮಾ ಕೂಟಗಳಿಗೆ ನನ್ನದೊಂದು ಕೋರಿಕೆ. ಭಯದ ಚಿತ್ರವೆಂದರೆ ಮೂಗು ಮುರಿಯಬೇಡಿ. ಒಂದು ಭಾನುವಾರ 'ಐ ವಾಕ್ಡ್ ವಿತ್ ಎ ಜೋಂಬಿ' ಮತ್ತು 'ಜೋಂಬಿ ಚೈಲ್ಡ್' ಎರಡನ್ನೂ ಒಂದರ ಹಿಂದೊಂದು ತೋರಿಸಿ, ಆಮೇಲೆ ಹುಡುಗರನ್ನು ಮಾತಿಗೆ ಬಿಡಿ. ಮನೆಯಲ್ಲೇ ನೋಡುವವರಿಗೆ 'ವೈಟ್ ಜೋಂಬಿ', 'ನೈಟ್ ಆಫ್ ದಿ ಲಿವಿಂಗ್ ಡೆಡ್' ಎರಡರ ಮೇಲೂ ಅಮೆರಿಕದಲ್ಲಿ ಈಗ ಯಾರ ಹಕ್ಕೂ ಇಲ್ಲ, ಇಂಟರ್‌ನೆಟ್ಟಿನಲ್ಲಿ ಉಚಿತವಾಗಿ ಸಿಗುತ್ತವೆ. ಎಲ್ಲಿಂದ ಶುರು ಮಾಡುವುದು ಎಂದು ಕೇಳುವವರಿಗೆ ಟೂರ್ನರನ ಚಿತ್ರವನ್ನೇ ಹೇಳುತ್ತೇನೆ. ಬರೀ 69 ನಿಮಿಷ. ದೀಪ ಆರಿಸಿ, ಸದ್ದು ಸ್ವಲ್ಪ ಜಾಸ್ತಿ ಇಟ್ಟುಕೊಂಡು ನೋಡಿ.